ಕಸ್ತೂರವ್ವನ ಎರಡು ಗಂಟೆ ನಲವತ್ತು ನಿಮಿಷ

ರಾಣೆಬೆನ್ನೂರು,
೩೦ ಫೆಬ್ರವರಿ ೨೧೧೨

ಮುತ್ತಜ್ಜಿ ಕಸ್ತೂರವ್ವನವರಿಗೆ ಮರಿಮೊಮ್ಮಗಳು ವಾರುಣಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಎಲ್ಲ ತಿಂಗಳಿಗೂ ಮೂವತ್ತೇ ದಿನವಿದ್ದರೆ ನಮ್ಮನ್ನು ಗಮನಿಸುವುದು ಸುಲಭವೆಂದು ಕಂಪನಿಗಳು ಕ್ಯಾಲೆಂಡರನ್ನೇ ತಿದ್ದಿಸಿವೆ. ನಿಮಗೆ ಪರಿಚಯವಿಲ್ಲದ ಮಾತುಗಳು ಬಂದರೆ ಕ್ಷಮಿಸಿ.

ನಮ್ಮ ಕಾಲದಲ್ಲಿ ಪ್ರತಿ ಮನೆಗೂ ಒಂದು ವಂಶಕಡತವಿದೆ. ಹಿರಿಯರ ಮೊಬೈಲು ಕೇಳಿದ್ದು, ಕಂಡದ್ದು, ಅವರೊಡನೆ ತಿರುಗಿದ್ದು ಎಲ್ಲ ಅದರಲ್ಲಿರುತ್ತದೆ. ಕೆಲಸ ಕೊಡುವವರು, ಮನೆ ಬಾಡಿಗೆಗೆ ಕೊಡುವವರು, ಹೆಣ್ಣು ನೋಡಲು ಬರುವವರು ಮೊದಲು ಅದನ್ನು ತರಿಸಿ ಓದುತ್ತಾರೆ. ನಮ್ಮ ಕಡತ ಶುರುವಾಗುವುದು ನಿಮ್ಮ ಹೊಲಿಗೆ ಅಂಗಡಿಯಿಂದ. ಬ್ಲೌಸ್ ಡಿಸೈನ್ ತೋರಿಸುವ ಆ್ಯಪೊಂದು ಮೊದಲು ನಿಮ್ಮ ಮೈಕ್ ಕೇಳಿತು, ಕೊಟ್ಟಿರಿ. ಆಮೇಲೆ ನೀವಿರುವ ಜಾಗ ಕೇಳಿತು. ಮೈಕ್ ಕೊಟ್ಟಲ್ಲಿಂದ ಮುಂದಿನ ಮಾತೆಲ್ಲ ಕಡತದಲ್ಲಿದೆ.

"ಕುತ್ತಿಗಿ ಡಿಸೈನ್ ನೋಡಾಕ ನಾ ಎಲ್ಲಿ ಅದೀನಿ ಅಂತ ಯಾಕ ಬೇಕ ಇದಕ್ಕ?" ಎಂದು ನೀವು ಕೇಳುತ್ತೀರಿ.

"ಇನ್ನೊಂಚೂರು ತಡದ್ರ ನಿನ್ನ ಜಾತಕಾನೂ ಕೇಳತೈತಿ. ಬ್ಯಾಡ ಅಂತ ಒತ್ತು ಯವ್ವಾ," ಎಂದು ನಿಮ್ಮ ಮಗಳು, ನನ್ನ ಅಜ್ಜಿ ಸಿಂಚನಾ ನಗುತ್ತಾಳೆ.

"ಸುಮ್ನಿರ, ಗಿರಾಕಿ ಕಾಯಾಕತ್ತಾರ," ಎಂದು ನೀವು 'ಯಾವಾಗಲೂ ಅನುಮತಿಸಿ' ಎಂಬುದನ್ನು ಒತ್ತುತ್ತೀರಿ.

ಬೇಡವೆನ್ನಲು ನಿಮಗೆ ಒಂದು ಗುಂಡಿ ಇತ್ತು! ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ನಮಗೆ ಹೆಸರಿಡುವ ದಿನವೇ ಕಿವಿಮಣಿ ಚುಚ್ಚುತ್ತಾರೆ. ನಾವು ಆಡುವುದನ್ನೂ ಹೋಗುವುದನ್ನೂ ಕಂಪನಿಗೆ ತಿಳಿಸುವ ಮಣಿ ಅದು. ಬೇಕೇ ಎಂದು ಯಾರೂ ಕೇಳುವುದಿಲ್ಲ. ಐವತ್ತು ವರ್ಷದಲ್ಲಿ ನಾನು ಒಮ್ಮೆಯೂ ಯಾರಿಗೂ ತಿಳಿಯದೆ ಬಾಗಿಲು ದಾಟಿಲ್ಲ.

ನೀವು ದಾಟಿದ್ದಿರಿ. ಅಕ್ಟೋಬರ್ ಹದಿನಾಲ್ಕು, ೨೦೨೫, ಮಂಗಳವಾರ ಮಧ್ಯಾಹ್ನ ಮೊಬೈಲನ್ನು ಮಷೀನಿನ ಮೇಲೆಯೇ ಬಿಟ್ಟು, ಷಟರ್ ಎಳೆದು, ಎರಡು ಗಂಟೆ ನಲವತ್ತು ನಿಮಿಷ ಎಲ್ಲಿಗೋ ಹೋಗಿದ್ದಿರಿ. ಸಾವಿರಾರು ಪುಟಗಳ ಕಡತದಲ್ಲಿ ಖಾಲಿಯಿರುವುದು ಅಷ್ಟೇ. ಒಂದೇ ಆಗಿರುವುದರಿಂದಲೇ ಅದರ ಮೇಲೆ ಎಲ್ಲರ ಕಣ್ಣು. ನನ್ನ ಮಗಳು ಇಂಚರಾಳಿಗೆ ಶಾಲೆಯಲ್ಲಿ ಕೆಲಸ ನಿಶ್ಚಯವಾಗಿತ್ತು. ಆ ಹೊತ್ತಿನ ವಿವರ ಕೊಡದಿದ್ದರೆ 'ಮುಚ್ಚಿಡುವ ವಂಶ' ಎಂದು ಗುರುತು ಹಾಕಿ ಕೆಲಸ ಬೇರೆಯವರಿಗೆ ಕೊಡುತ್ತಾರಂತೆ.

"ಗುಡಿಗಿ ಹೋಗಿದ್ಲು ಅಂತ ಬರದ್ರ ನಿನ್ನ ಗಂಟೇನ್ ಹೋಗತೈತೆವ್ವಾ?" ಎಂದು ಇಂಚರಾ ಮೂರು ದಿನ ಗೋಗರೆದಳು. ಬರೆಯಲೆಂದು ಕುಳಿತೆ. ಕೈ ಬರಲಿಲ್ಲ. ನನಗೆ ಸಿಗದೇ ಹೋದದ್ದನ್ನು ನಿಮ್ಮಿಂದಲೂ ಕಿತ್ತುಕೊಟ್ಟಂತೆ ಆಗುತ್ತಿತ್ತು. ಖಾಲಿಯಾಗಿಯೇ ಕಳಿಸಿದೆ. ನಿನ್ನೆ ಕೆಲಸ ತಪ್ಪಿತು. ಇಂಚರಾ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಆದ್ದರಿಂದ, ಈ ಪತ್ರ ಆ ಮಂಗಳವಾರ ಸಂಜೆಯೇ ನಿಮ್ಮ ಕೈ ಸೇರುತ್ತದೆಂದು ನಂಬಿ ಬೇಡಿಕೊಳ್ಳುತ್ತೇನೆ. ಆ ಆ್ಯಪಿಗೆ ಕೊಟ್ಟ ಅನುಮತಿಗಳನ್ನು ಇವತ್ತೇ ಹಿಂದಕ್ಕೆ ತೆಗೆದುಕೊಳ್ಳಿ. ಬುಧವಾರವೂ ಹೋಗಿ, ಗುರುವಾರವೂ ಹೋಗಿ. ಸಂತೆಗೆ, ಗೆಳತಿಯ ಮನೆಗೆ, ಸುಮ್ಮನೆ ಕೆರೆಯ ಕಡೆಗೆ, ಮೊಬೈಲಿಲ್ಲದೆ ಹೋಗಿ. ನಮ್ಮ ಕಡತದ ತುಂಬ ಖಾಲಿ ಜಾಗಗಳಿರಲಿ, ಯಾವುದರ ಬಗ್ಗೆ ಕೇಳಬೇಕೆಂದು ಅವರಿಗೆ ತೋಚದಿರಲಿ.

ನಿಮ್ಮ,
ವಾರುಣಿ