ಮಸಿಯಲ್ಲಿ ಬಿದ್ದ ಒಂದು ಓಟು

ಎಲ್ಮ್ ಫೋರ್ಡ್, ಕಾನ್ಸಾಸ್
ಶನಿವಾರ, 10 ನವೆಂಬರ್ 1984

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೆ? ಹೆಸರಿಗೆ ಸರೋವರ, ಅಲೆ ಮಾತ್ರ ಸಮುದ್ರದ್ದು ಎಂದು ನೀನು ಬರೆದ ದಿನದಿಂದ ಅಜ್ಜಿ ಊಟದ ಮುಂಚಿನ ಪ್ರಾರ್ಥನೆಯಲ್ಲಿ ನೀನು ಕೆಲಸ ಮಾಡುವ ಅದಿರು ಸಾಗಿಸುವ ಹಡಗನ್ನೂ ಸೇರಿಸಿದ್ದಾಳೆ. ಅವಳ ಕಾಲಿನ ಹುಣ್ಣು ಇನ್ನೂ ವಾಸಿಯಾಗಿಲ್ಲ. ಗುರುವಾರ ಗುರುವಾರ ಜಿಲ್ಲೆಯ ನರ್ಸ್ ಮನೆಗೆ ಬಂದು ಪಟ್ಟಿ ಬದಲಿಸಿ ಹೋಗುತ್ತಾರೆ. ಗೋಧಿ ಬೆರಳುದ್ದ ಎದ್ದಿದೆ. ನಿನ್ನ ನಾಯಿ ಈಗಲೂ ನಿನ್ನ ಹಳೆಯ ಬೂಟಿನ ಮೇಲೆಯೇ ಮಲಗುವುದು. ನಾನು ಕೆಫೆಯಲ್ಲೇ ಇದ್ದೇನೆ, ಆರ್ಡರ್ ಬರೆದುಕೊಳ್ಳುತ್ತೇನೆ, ಕಾಫಿ ಸುರಿಯುತ್ತೇನೆ, ಬಾಯಿ ತೆರೆಯುವುದು ಮೊದಲಿನಷ್ಟೇ ಕಡಿಮೆ.

ಮಂಗಳವಾರ ಓಟು ಮುಗಿಯಿತು. ನಮ್ಮೂರಿನ ಓಟು ನಿನಗೆ ಗೊತ್ತಿರುವುದೇ. ಬೆಳಿಗ್ಗೆಯಿಂದ ಊರಿನ ಹಾಲ್‌ನಲ್ಲಿ ಚರ್ಚಿನ ಹೆಂಗಸರ ಕೋಳಿ ನೂಡಲ್ಸು, ಸೇಬಿನ ಪೈ. ತಿಂದು, ಪರದೆಯ ಹಿಂದೆ ಹೋಗಿ, ಹಲಗೆಗೆ ದಾರದಿಂದ ಕಟ್ಟಿರುವ ಸೀಸದ ಕಡ್ಡಿಯಿಂದ ಆನೆ ಚಿಹ್ನೆಯ ಪಕ್ಷದ ಮುಂದೆ ಗುರುತು ಹಾಕಿ, ಇನ್ನೊಂದು ತುಂಡು ಪೈ ತಿಂದು ಮನೆಗೆ ಬರುವುದು. ಎದುರಿನ ಕತ್ತೆ ಚಿಹ್ನೆಯ ಪಕ್ಷಕ್ಕೆ ಯಾರಾದರೂ ಓಟು ಹಾಕುತ್ತಾರೆಂದು ನಾನು ಚಿಕ್ಕವಳಿದ್ದಾಗ ನಂಬುತ್ತಲೇ ಇರಲಿಲ್ಲ. ಈ ಸಲ ವಿಧಾನಸಭೆಗೆ ನಿಂತ ನಮ್ಮ ಆನೆಯವನು, ಖರ್ಚು ಜಾಸ್ತಿ, ಮನೆಮನೆಗೆ ನರ್ಸ್ ಕಳಿಸುವುದನ್ನು ನಿಲ್ಲಿಸುತ್ತೇನೆ ಎಂದು ಇದೇ ಹಾಲ್‌ನಲ್ಲಿ ನಿಂತು ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿಯೂ ತಟ್ಟಿದಳು. ಆಮೇಲೆ ಆ ಪಟ್ಟಿ ಕಟ್ಟಿದ ಕಾಲನ್ನೇ ಎಳೆದುಕೊಂಡು ಹೋಗಿ ಅವನಿಗೇ ಗುರುತು ಹಾಕಿ ಬಂದಳು. ಏಕಜ್ಜಿ ಎಂದು ಕೇಳಿದ್ದಕ್ಕೆ, "ನಿಮ್ಮ ತಾತ ಆನೆಗೇ ಹಾಕ್ತಿದ್ದರಲ್ಲೇ" ಎಂದಳು.

ಆ ಸೀಟಿಗೆ ನಮ್ಮೂರಿನಲ್ಲಿ ಆನೆಗೆ ನೂರಹನ್ನೆರಡು, ಕತ್ತೆಗೆ ಒಂದು. ಎಣಿಕೆ ಮಾಡಿದ್ದು ಎಂದಿನಂತೆ ಹೆಲೆನ್ ಅತ್ತೆ. ಮರುದಿನ ಅತ್ತೆ ಕೆಫೆಗೆ ಬಂದು, ಹೇಳಬಾರದ್ದು ಎನ್ನುತ್ತಲೇ ಹೇಳಿದರು: ಆ ಒಂದು ಓಟು ನೀಲಿ ಮಸಿಯಲ್ಲಿತ್ತಂತೆ. ಹಾಲ್‌ನಲ್ಲಿ ಸೀಸದ ಕಡ್ಡಿ ಬಿಟ್ಟು ಬೇರೇನಿಲ್ಲ. ಅಂಚೆಯಲ್ಲಿ ಬಂದ ಓಟು ಈ ಸಲ ಒಂದೇ ಒಂದು, ನಿನ್ನದು. ಅಷ್ಟು ಸಾಕಾಯಿತು, ಕತ್ತೆಯ ಓಟು ನಿನ್ನದೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಆನೆಯ ಕಟ್ಟಿನಲ್ಲೂ ಮಸಿಯದು ಇದೆಯೇ ಎಂದು ನೋಡಿದಿರಾ ಎಂದು ಯಾರೂ ಅತ್ತೆಯನ್ನು ಕೇಳಲಿಲ್ಲ. ರೂಬೆನ್ ಉನ್ರೂ ಲೋಟ ಮುಂದೆ ಹಿಡಿದು, "ಊರಲ್ಲೊಂದು ಕತ್ತೆ ಸಿಕ್ಕಿದೆ ಕಣ್ರೋ, ಯಾರ ಕೊಟ್ಟಿಗೇದು ಅಂತ ಪೆನ್ನರ್‌ನ ಕೇಳಿ!" ಎಂದ. ಇಡೀ ಮೇಜು ನಕ್ಕಿತು. ಆ ಪೆನ್ನರ್, ನಮ್ಮ ಅಪ್ಪ, ಅಲ್ಲೇ ಕೂತಿದ್ದರು. ನಾನು ರೂಬೆನ್‌ನ ಲೋಟ ತುಂಬಿಸಿದೆ. ಬಿಸಿ ಕಾಫಿ ಅವನ ಕೈಮೇಲೆ ಸುರಿಯಬೇಕಿತ್ತು, ಸುರಿಯಲಿಲ್ಲ.

ಅಂದಿನಿಂದ ಅಪ್ಪ ಕೆಫೆಗೆ ಬರುತ್ತಿಲ್ಲ. "ಹಡಗಿನವರ ಸಂಘಕ್ಕೆ ಸೇರ್ಕೊಂಡ, ಅವರು ತೋರಿಸಿದ ಕಡೆ ಗುರುತು ಹಾಕ್ದ. ನನ್ನ ಮರ್ಯಾದೆ ನೂಡಲ್ಸ್ ಪಾತ್ರೆಗೆ ಬಿತ್ತು" ಎನ್ನುತ್ತಾರೆ. ನಿನ್ನೆ ಊಟ ಮಾಡುತ್ತಾ, "ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರೋದು ಬೇಡ ಅಂತ ಬರಿ ಅವನಿಗೆ. ನನ್ನ ಕೈಲಿ ಬರೆಯೋಕಾಗಲ್ಲ. ಬರೆದುಕೊಡು, ಅಂಚೆಗೆ ನಾನು ಹಾಕ್ತೀನಿ" ಎಂದರು. ಅಜ್ಜಿ ಚಮಚ ಕೆಳಗಿಟ್ಟಳು. ಅಪ್ಪ ಹೇಳಿದ್ದನ್ನು ಬರೆದಿದ್ದೇನೆ. ಮೂರು ವರ್ಷದ ಮೇಲೆ ನೀನು ಬರುತ್ತೀಯೆಂದು ಅಜ್ಜಿ ಬೇಯಿಸಲಿರುವುದನ್ನೆಲ್ಲ ಎಣಿಸಿಟ್ಟಿದ್ದಳು, ಅದನ್ನೂ ಬರೆದಿದ್ದೇನೆ.

ಗಾಳಿಯಲ್ಲಿ ಟೋಪಿಯಿಲ್ಲದೆ ನಿಲ್ಲಬೇಡ. ಸರೋವರ ಮಂಜುಗಟ್ಟುವ ಮುಂಚೆ ನಿನ್ನ ಹಡಗು ದಡ ಸೇರಲಿ ಎಂದು ಅಜ್ಜಿ ಹೇಳಿಸಿದ್ದಾಳೆ.

ನಿನ್ನ ತಂಗಿ
ಎಲ್ಡಾ

ಮರೆತದ್ದು: ಅಣ್ಣಾ, ಆ ಮಸಿ ನನ್ನದು. ಪರದೆಯ ಹಿಂದೆ ಹೋದಾಗ ಸೀಸದ ಮೊನೆ ಮುರಿದಿತ್ತು. ಹೊರಗೆ ಅಷ್ಟು ಜನ ನಿಂತಿರುವಾಗ ಇನ್ನೊಂದು ಕೊಡಿ ಎಂದು ಅತ್ತೆಯನ್ನು ಕೇಳಲು ನಾಚಿಕೆಯಾಯಿತು. ಕೆಫೆಯ ಪೆನ್ನು ಅಪ್ರನ್ನಿನ ಜೇಬಿನಲ್ಲಿತ್ತು. ಅಜ್ಜಿಯ ನರ್ಸ್ ಬರುತ್ತಿರಲಿ ಎಂದು ಹಾಕಿದೆ, ಬೇರೆ ರಾಜಕೀಯ ನನಗೆ ಗೊತ್ತಿಲ್ಲ. ಕತ್ತೆಗೆ ಬಿದ್ದದ್ದು ಒಂದೇ, ಅದು ನನ್ನದಾದ ಮೇಲೆ ನಿನ್ನದು ಆನೆಗೇ ಬಿದ್ದಿರಬೇಕು, ಅಪ್ಪನ ಹಾಗೆಯೇ. ಅದನ್ನು ನೆನೆದರೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ನಾಲ್ಕು ದಿನದಿಂದ ಅಪ್ಪನ ಮುಂದೆ ಬಾಯಿ ತೆರೆಯಲು ನೋಡುತ್ತಿದ್ದೇನೆ, ಆಗುತ್ತಿಲ್ಲ. ಅದಕ್ಕೇ ಲಕೋಟೆಯನ್ನು ಅಂಟಿಸದೆ, ಈ ಕೊನೆಯ ಹಾಳೆ ಮೇಲೆ ಬರುವ ಹಾಗೆ ಮಡಚಿ ಅವರ ತಟ್ಟೆಯ ಪಕ್ಕ ಇಡುತ್ತೇನೆ. ಇದು ನಿನ್ನ ಕೈಗೆ ಬಂದಿದ್ದರೆ ಅವರೇ ಓದಿ, ಅವರೇ ಅಂಟಿಸಿ, ಅವರೇ ಅಂಚೆಗೆ ಹಾಕಿದ್ದಾರೆ. ಹಬ್ಬಕ್ಕೆ ಬಂದುಬಿಡು.