ಹನುಮಯ್ಯನವರ ಜೇಬಿನಲ್ಲಿದ್ದ ಆರುನೂರು ಓಮ್

ಮಾರ್ಚ್ 7, 2011, ಸೋಮವಾರ
ಎಂಟೂವರೆಗೆ ಪಂಚ್. ಮೀಟರ್ ತಪಾಸಣೆಯ ನಮ್ಮ ಲ್ಯಾಬಿನ ಟೆಂಪರೇಚರ್ ಬರೆದದ್ದಾಯಿತು. ಹನುಮಯ್ಯ ಸಾರ್ ಆಗಲೇ ತಮ್ಮ ಹಳೇ ಸಿಗ್ನಲ್ ಜನರೇಟರ್ ಮುಂದೆ. ಡಯಲ್‌ನಲ್ಲಿ ಇಟ್ಟಷ್ಟು ವೋಲ್ಟ್ ಕೊಟ್ಟು ಟೆಲಿಫೋನ್ ಲೈನಿನ ಮೀಟರ್‌ಗಳನ್ನು ಪರೀಕ್ಷಿಸುವ ಡಬ್ಬ. ನನಗಿಂತ ವಯಸ್ಸಿನಲ್ಲಿ ದೊಡ್ಡದು. ಡಬ್ಬ ಸರಿಯಿದೆಯೇ ಎಂದು ನೋಡಲು ಡಿಜಿಟಲ್ ಮೀಟರ್‌ಗೆ ಜೋಡಿಸುವ ಮುನ್ನ ಜೇಬಿನಿಂದ ಏನೋ ತೆಗೆದರು. ಬೆನ್ನು ನನ್ನ ಕಡೆಗೆ. ಪುಸ್ತಕದಲ್ಲಿ ರೀಡಿಂಗ್ ಬರೆದು, ಅದನ್ನು ಮತ್ತೆ ಜೇಬಿಗೆ. ಇವತ್ತೂ ಸರಿಯಾಗಿ ಒಂದು ವೋಲ್ಟ್. ದಿನಾ ಅಷ್ಟೇ. ಅದು ಹೇಗೆ?

ಮಾರ್ಚ್ 9, ಊಟದ ಹೊತ್ತು
ಅವರು ಕೈ ತೊಳೆಯಲು ಹೋದಾಗ ನಾನೇ ಅಳೆದೆ. ಡಯಲ್ ಇಟ್ಟದ್ದು ಒಂದು ವೋಲ್ಟ್‌ಗೆ, ಡಿಜಿಟಲ್ ಮೀಟರ್ ತೋರಿಸಿದ್ದು ಎರಡು. ಮೂರು ಸಲ ನೋಡಿದೆ. ಎರಡೇ.
ಹಾಗಾದರೆ ಪುಸ್ತಕದಲ್ಲಿರುವುದೆಲ್ಲ ಸುಳ್ಳು... ಹನುಮಯ್ಯ ಸಾರ್ ವಾಪಸ್ ಬಂದು ತಮ್ಮ ಅರ್ಧ ಚಿತ್ರಾನ್ನ ನನ್ನ ಡಬ್ಬಿಗೆ ಹಾಕಿದರು. ಬಾಯಿ ಮುಚ್ಚಿಸಲೆಂದೇ? ತಿಂದೆ.

ಮಾರ್ಚ್ 11
ಮ್ಯಾನೇಜರ್ ಬಾಲಾಜಿ ಸಾರ್‌ಗೆ ಹೇಳಿಬಿಟ್ಟೆ.
“ಯಾರ ಹತ್ರಾನೂ ಬಾಯ್ಬಿಡ್ಬೇಡಿ ಶೈಲಶ್ರೀ. ಆಡಿಟ್ ಹತ್ರ ಬಂತು. ಅವರ ಕಾಂಟ್ರ್ಯಾಕ್ಟ್ ಈ ತಿಂಗಳಿಗೆ ಮುಗಿಯುತ್ತೆ. ವಯಸ್ಸಾಯ್ತು ಅಂತ ಹೇಳಿ ಕಳಿಸ್ತೀನಿ.”
ನನ್ನ ಹೆಸರು ಬರುವುದಿಲ್ಲ. ಒಳ್ಳೆಯದೇ.

ಏಪ್ರಿಲ್ 4
ಹನುಮಯ್ಯ ಸಾರ್ ಹೋದರು. ಅವರ ಸೀಟಿನಲ್ಲಿ ಈಗ ನಾನು. ಡಬ್ಬ ಬಿಚ್ಚಿ, ಒಳಗಿನ ತಿರುಪು ತಿರುಗಿಸಿ ಎರಡನ್ನು ಒಂದಕ್ಕೆ ತಂದೆ. ತಪಾಸಣೆಯಾಗಿದೆ ಎಂಬ ಹೊಸ ಸ್ಟಿಕ್ಕರ್, ನನ್ನ ಸಹಿ.

ಏಪ್ರಿಲ್ 6
ಪೀಣ್ಯ ಸೆಕೆಂಡ್ ಸ್ಟೇಜಿನ ಒಂದು ಫ್ಯಾಕ್ಟರಿಯಿಂದ ಐದು ಹಳೇ ಲೈನ್ ಮೀಟರ್ ಬಂದಿವೆ. ಡಬ್ಬಕ್ಕೆ ಜೋಡಿಸಿದರೆ ಐದೂ ಅರ್ಧಕ್ಕರ್ಧ ಕಡಿಮೆ ತೋರಿಸುತ್ತಿವೆ. ಹೋದ ವರ್ಷ ಪಾಸ್ ಮಾಡಿದವರು ಯಾರು? ಹನುಮಯ್ಯ. ನನ್ನ ಅನುಮಾನ ಸುಳ್ಳಲ್ಲ. ಐದನ್ನೂ ಸರಿ ಮಾಡಿದೆ.

ಏಪ್ರಿಲ್ 18, ಸಂಜೆ 4
ಸರ್ವಿಸ್ ಸರ್ಟಿಫಿಕೇಟ್‌ಗೆಂದು ಹನುಮಯ್ಯ ಸಾರ್ ಬಂದಿದ್ದರು. ನೇರ ನನ್ನ ಟೇಬಲ್ಲಿಗೆ.
“ಇದು ನನ್ ಜೇಬಲ್ಲೇ ಉಳ್ಕೊಂಬಿಟ್ಟಿತ್ತು ಕಣಮ್ಮ.”
ಹೆಬ್ಬೆರಳಿನಷ್ಟು ಪ್ಲಗ್. ಒಳಗೊಂದು ರೆಸಿಸ್ಟರ್, ಕರೆಂಟಿಗೆ ಆರುನೂರು ಓಮ್ ತಡೆ ಒಡ್ಡುವಂಥದ್ದು. ತಾವೇ ಬೆಸುಗೆ ಹಾಕಿದ್ದಂತೆ.
“ಟೇಬಲ್ ಮೇಲಿಟ್ರೆ ಕಸ ಗುಡಿಸೋರು ಎಸೀತಾರೆ, ಅದಕ್ಕೇ ಜೇಬಲ್ಲಿ ಇಟ್ಕೊತಿದ್ದೆ. ಟೆಲಿಫೋನ್ ಕಾಲದ ಡಬ್ಬ ಅದು. ಅದರ ಮುಂದೆ ಆರುನೂರು ಓಮ್ ತಡೆ ಇದ್ರೇನೇ ಡಯಲ್ ಹೇಳೋದು ಸರಿ. ಹಳೇ ಮೀಟರ್‌ಗಳಲ್ಲಿ ಅದು ಒಳಗೇ ಇರುತ್ತೆ. ಡಿಜಿಟಲ್‌ನಲ್ಲಿ ಇರಲ್ಲ, ಈ ಪ್ಲಗ್ ಹಾಕ್ಬೇಕು. ಇಲ್ದಿದ್ರೆ ಎರಡರಷ್ಟು ತೋರಿಸಿ ಹೆದರಿಸಿಬಿಡುತ್ತೆ. ನಿಂಗೆ ಹೇಳ್ಕೊಡೋಣ ಅಂದ್ಕೊಂಡಿದ್ದೆ, ಅಷ್ಟರಲ್ಲಿ ಕಳಿಸ್ಬಿಟ್ರು.”
ಹೋದರು. ಪ್ಲಗ್ ಹಾಕಿ ಅಳೆದೆ. ಒಂದು ಬರಬೇಕಿತ್ತು. ಅರ್ಧ ವೋಲ್ಟ್.
ತಿರುಪು ತಿರುಗಿಸಿದವಳು ನಾನು. ಅವತ್ತಿನ ಐದು ಮೀಟರ್, ಆಮೇಲೆ ಇನ್ನೂ ಒಂಬತ್ತು. ಸರಿಯಿದ್ದವನ್ನೆಲ್ಲ ಕೆಡಿಸಿ ಸಹಿ ಹಾಕಿದ್ದೇನೆ. ನಾಚಿಕೆಯಾಗುತ್ತಿದೆ. ಭಯವೂ.
ಬಾಲಾಜಿ ಸಾರ್ ಕ್ಯಾಬಿನ್‌ನಲ್ಲಿದ್ದಾರೆ. ಹನುಮಯ್ಯ ಸಾರ್ ಗೇಟಿನಾಚೆ ಬಸ್ಸಿಗೆ ನಿಂತಿದ್ದಾರೆ, ಕಿಟಕಿಯಿಂದ ಕಾಣುತ್ತಾರೆ. ಕ್ಯಾಬಿನ್‌ಗೆ ಹೋದರೆ ಈ ಸೀಟು ಹೋಗುತ್ತದೆ. ಗೇಟಿಗೆ ಹೋದರೆ, ದೂರು ಕೊಟ್ಟವಳು ನಾನೇ ಎಂದು ಅವರಿಗೆ...
ಬಸ್ ಬಂತು. ಪೆನ್ನು ಇಡುತ್ತೇನೆ. ಅವರು ಹತ್ತುವ ಮುನ್ನ ಗೇಟು ಸೇರಬೇಕು —