ಅಕ್ಕ ಎಳೆಯುವ ಮಳೆ

ಪೀಣ್ಯ ಎರಡನೇ ಹಂತ
ಭಾನುವಾರ, ೧೪ ಜುಲೈ ೨೦೨೪

ಪ್ರೀತಿಯ ಶಿವಗಂಗಕ್ಕನಿಗೆ,

ನಿನ್ನ ಮಂಡಿನೋವು ಹೇಗಿದೆ? ದಾವಣಗೆರೆಯ ನೀರು ಒಗ್ಗಿತೇ? ಮೊಮ್ಮಗನಿಗೆ ಹಲ್ಲು ಬರುತ್ತಿದೆ, ಯಾವಾಗಲೂ ನಿನ್ನ ಹೆಗಲೇ ಬೇಕು ಅನ್ನುತ್ತಾನೆ ಎಂದು ಗೌರಿ ಹೇಳಿದಳು. ಅವನನ್ನು ಎತ್ತಿಕೊಂಡು ತಿರುಗುವ ಸಂಭ್ರಮದಲ್ಲಿ ಮಾತ್ರೆ ಮರೆಯಬೇಡ. ಫೋನ್ ಮಾಡಿದರೆ ಮಗಳ ಕೈಗೆ ಕೊಟ್ಟುಬಿಡುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ. ಅಪ್ಪ ನನ್ನೊಬ್ಬಳನ್ನೇ ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿದ್ದರ ಫಲ ಇದು. ಗಿರಾಕಿಗಳ ಜೊತೆ ಮಾತಾಡುವ ಬಾಯಿ ನನಗೆ ಬಂತು, ಕುಂಚ ನಿನ್ನ ಕೈಯಲ್ಲಿ ಉಳಿಯಿತು. ಆ ಹಂಚಿಕೆ ನ್ಯಾಯವಾಗಿತ್ತೇ ಎಂದು ಈಗೀಗ ಕೇಳಿಕೊಳ್ಳುತ್ತೇನೆ.

ಶೆಡ್ಡಿನಲ್ಲಿ ಎಲ್ಲ ನೀನು ಇಟ್ಟ ಹಾಗೇ ಇದೆ. ವೈಟ್‌ಫೀಲ್ಡಿನ ಜಪಾನಿ ಕಂಪನಿಯ ಅತಿಥಿಗೃಹಕ್ಕೆ ಒಪ್ಪಿಕೊಂಡ ಹಳೆಯ ಜಪಾನಿ ಸೇತುವೆ ಚಿತ್ರದ ಎರಡನೇ ಪ್ರತಿಯೂ ಮುಗಿದಿದೆ, ಮಳೆಯೊಂದು ಬಿಟ್ಟು. ಆಕಾಶದ ಕಪ್ಪು ಮೇಲಿನಿಂದ ಕೆಳಕ್ಕೆ ತೆಳುವಾಗುವುದನ್ನು ನೀನು ಹೇಳಿಕೊಟ್ಟಂತೆ ಒದ್ದೆ ಬಟ್ಟೆಯಲ್ಲಿ ಒರೆಸಿ ತಂದೆ; ಪರವಾಗಿಲ್ಲ ಎನ್ನುವಷ್ಟು ಬಂದಿದೆ. ಆದರೆ ನೋಡಿದರೆ ನಗು ಬರುತ್ತದೆ. ಒಣ ಸೇತುವೆಯ ಮೇಲೆ ಜನ ಛತ್ರಿ ಹಿಡಿದು, ಬಟ್ಟೆ ಎತ್ತಿಕಟ್ಟಿ, ಬಗ್ಗಿ ಓಡುತ್ತಿದ್ದಾರೆ. ಯಾತಕ್ಕೆ ಎಂದು ಅವರಿಗೇ ಗೊತ್ತಿದ್ದಂತಿಲ್ಲ. ಆ ಕಾಲದ ಜಪಾನಿನವರು ಮಳೆಯನ್ನು ಒಂದು ಸಲ ಮರದ ಹಲಗೆಯಲ್ಲಿ ಕೆತ್ತಿ, ಬೇಕಾದಷ್ಟು ಕಾಗದಕ್ಕೆ ಒತ್ತಿಕೊಂಡರು. ಕೈಯಲ್ಲಿ ನಕಲು ಬರೆಯುವ ನಮಗೆ ಆ ಸುಖವಿಲ್ಲ. ಪ್ರತಿ ಚಿತ್ರಕ್ಕೂ ಹೊಸ ಮಳೆ, ಕೂದಲೆಳೆಯಂಥ ಗೆರೆ, ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಒಂದೇ ಉಸಿರು. ಒಂದು ಗೆರೆ ಅಲುಗಿದರೂ ಅಷ್ಟು ದಿನದ ಕೆಲಸ ಹಾಳು. ಅತಿಥಿಗೃಹದ ವ್ಯವಸ್ಥೆ ನೋಡಿಕೊಳ್ಳುವ ಸ್ಫೂರ್ತಿ ಫೋನ್ ಮಾಡಿದ್ದಳು. "ರೇನ್ ಒಂದೇ ಬಾಕಿ ಅಲ್ವಾ ಮೇಡಂ? ಸ್ಟಿಕ್ಕರ್ ಕಟಿಂಗ್‌ನಲ್ಲಿ ಹಾಕಿಸ್ಬಿಡಿ, ಯಾರಿಗೆ ಗೊತ್ತಾಗತ್ತೆ!" ಕೈಯಲ್ಲೇ ಬರೆದುಕೊಡುತ್ತೇವೆ ಎಂದು ಒಪ್ಪಿದ್ದೇವೆ, ಆಗುವುದಿಲ್ಲ ಎಂದೆ. ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ.

ಪಕ್ಕದ ವೆಂಕಟೇಶಪ್ಪನವರ ವಿಷಯ ಹೇಳಬೇಕು; ಕಾಗದ ಮಡಚಿ ಇಟ್ಟುಬಿಡಬೇಡ. ನೀನು ಮಳೆ ಎಳೆಯುವಾಗ ಅವರು ತಮ್ಮ ಪವರ್ ಪ್ರೆಸ್ ನಿಲ್ಲಿಸುವುದು ಎಷ್ಟು ವರ್ಷದ ಪದ್ಧತಿ! ತಗಡು ಕತ್ತರಿಸುವ ಆ ಯಂತ್ರ ಒಂದೊಂದು ಏಟು ಹಾಕಿದಾಗಲೂ ನಮ್ಮ ಮೇಜು ನಡುಗುತ್ತದೆ ಎಂದು ನೀನು ಹೋಗಿ ಕೇಳಿದ್ದೆ, ಅವರು ನಕ್ಕು ಒಪ್ಪಿದ್ದರು. ಬೆಳಿಗ್ಗೆ ಷಟರ್ ಎತ್ತುವಾಗಲೇ "ಏನ್ ತಾಯಿ, ಇವತ್ತು ಮಳೆ ಐತಾ?" ಎಂದು ಕೂಗುತ್ತಿದ್ದರು. ಅವರಲ್ಲಿ ಕೆಲಸ ಮಾಡುವ ಬಸಕ್ಕ, "ಮಳಿ ಬಂದ್ರ ನಮಗ ಚಾ ಕುಡ್ಯಾಕ ಬಿಡುವು ಸಿಗತೈತ್ರಿ, ದಿನಾ ಬರ್ಲಿ" ಎನ್ನುತ್ತಿದ್ದಳು. ಮೋಡವೇ ಇಲ್ಲದ ದಿನ ಇವರೆಲ್ಲ ಮಳೆಯ ಮಾತಾಡುವುದನ್ನು ಕೇಳಿ ಹೊಸಬರು ಕಣ್ಣು ಕಣ್ಣು ಬಿಡುತ್ತಿದ್ದರು.

ಈಗ ಯಾರೂ ಕೇಳುವುದಿಲ್ಲ. ಮೊದಲ ಪ್ರತಿಯ ಗೆರೆಗಳು ಕೆಟ್ಟ ದಿನ ನೀನು ಕುಂಚ ಎಸೆದು ಅವರ ಬಾಗಿಲಿಗೆ ಹೋದೆ. "ಅರ್ಧ ಗಂಟೆ ಬಾಯಿ ಮುಚ್ಕೊಂಡಿರೋಕೆ ಆಗಲ್ವೇನ್ರೀ ನಿಮ್ಮ ಮೆಷಿನ್ನಿಗೆ? ನನ್ನ ಮಳೆ ಕೆಡಿಸ್ಬಿಟ್ರಿ!" ಅವರು ಬಾಯಿ ತೆರೆದರು, ನಿನ್ನ ಹಿಂದೆ ನಿಂತಿದ್ದ ನನ್ನ ಮುಖ ನೋಡಿದರು, ಸುಮ್ಮನಾದರು. "ಆ ಮನುಷ್ಯ ತಪ್ಪು ಒಪ್ಕೊಳ್ಳೋವರೆಗೂ ಈ ಶೆಡ್ಡಿಗೆ ಕಾಲಿಡಲ್ಲ ಕಣೇ" ಎಂದು ನೀನು ಅವತ್ತು ಸಂಜೆಯೇ ದಾವಣಗೆರೆಯ ಬಸ್ಸು ಹತ್ತಿದೆ. ಅಂದಿನಿಂದ ಮೇನ್ ರೋಡಿನ ಟೀ ಅಂಗಡಿಯಲ್ಲಿ ಅವರಿಗೆ "ಮಳೆ ಕೆಡಿಸಿದ ಯಜಮಾನ್ರು" ಎಂದೇ ಹೆಸರು. ಅವರೂ ನಗುತ್ತಾರೆ, ಆದರೆ ಆ ಅಂಗಡಿಗೆ ಹೋಗುವುದು ಕಡಿಮೆ ಮಾಡಿದ್ದಾರೆ. ಕಳೆದ ವಾರ ಪ್ರೆಸ್ಸಿನ ಕಾಲುಗಳಿಗೆ ದಪ್ಪ ರಬ್ಬರ್ ಹಾಕಿಸಿದರು. ನಿನ್ನೆ ನನ್ನ ಬಳಿ ಬಂದು, "ಅಕ್ಕಾವ್ರಿಗೆ ಬರೀರಿ ಮೇಡಂ, ನಾನು ತಪ್ಪಾಯ್ತು ಅಂದೆ ಅಂತ. ಅಂಗಾದ್ರೂ ಬರ್ಲಿ" ಎಂದರು. ಆ ಮಾತನ್ನು ಹಾಗೇ ಬರೆದು ಅಂಚೆಗೆ ಹಾಕಿದರೆ ನೀನು ಬಂದೇ ಬರುತ್ತೀಯ. ಬರೆದೂ ಆಯಿತು, ನೋಡು. ಆದರೂ ಮನಸ್ಸು ಹಗುರಾಗಲಿಲ್ಲ.

ಗೌರಿಯನ್ನೂ ಅಳಿಯಂದಿರನ್ನೂ ಕೇಳಿದೆನೆಂದು ಹೇಳು. ಮಗುವಿನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು, ನಿನ್ನ ಕಾಲಿಗೆ ನಮಸ್ಕಾರ.

ನಿನ್ನ ತಂಗಿ,
ವೇಣಿ

ತಾ. ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಕಾಗದ ಮತ್ತೆ ಹೊರಗೆ ತೆಗೆದೆ. ಅಕ್ಕ, ಆ ದಿನ ಪ್ರೆಸ್ ನಡೆಯುತ್ತಿರಲಿಲ್ಲ. ನಮ್ಮ ಅಡ್ಡರಸ್ತೆಗೇ ಕರೆಂಟ್ ಇರಲಿಲ್ಲ. ಬೆಳಕು ಸಾಲದೆಂದು ಷಟರ್ ಪೂರ್ತಿ ಎತ್ತಲು ನೀನೇ ಹೇಳಿದ್ದೆ. ಕರೆಂಟೇ ಇಲ್ಲ ಎಂದು ಹೇಳಲೆಂದೇ ವೆಂಕಟೇಶಪ್ಪ ಬಾಯಿ ತೆರೆದದ್ದು. ಬೇಡ ಎಂದು ತಲೆಯಾಡಿಸಿದವಳು ನಾನು. ನಿನ್ನ ಬೆರಳು ನಡುಗುವುದನ್ನು ನೋಡಿಬಿಟ್ಟಿದ್ದೆ. ಅಷ್ಟು ಜನರ ಮುಂದೆ ಅದು ನಿನಗೆ ಗೊತ್ತಾಗುವುದು ಬೇಡ ಅನ್ನಿಸಿತು. ಅದು ಪ್ರೀತಿಯೋ ಹೇಡಿತನವೋ ಈಗಲೂ ತಿಳಿಯದು. ಅಥವಾ ನಿನಗೂ ಗೊತ್ತಿತ್ತೇ? ಬರುವ ಶನಿವಾರ ನಾನೇ ಬರುತ್ತೇನೆ, ಅಲ್ಲೇ ಡಾಕ್ಟರಿಗೆ ಕೈ ತೋರಿಸೋಣ. ಗೆರೆ ಅಲುಗಿದ ಆ ಮೊದಲ ಚಿತ್ರವನ್ನು ಎಸೆದಿಲ್ಲ, ಗೋಡೆಗೆ ಒರಗಿಸಿದ್ದೇನೆ. ಬಸಕ್ಕ ನೋಡಿ, "ಚಲೋ ಐತಲ್ರಿ, ನಮ್ಮ ಕಡೆ ಗಾಳಿ ಮಳಿ ಹಿಂಗ ಬರತೈತಿ" ಎಂದಳು. ಹೂಂ ಅಂದೆ. ಆದರೆ ಅಕ್ಕ, ನಿನ್ನ ಮಳೆಯಲ್ಲಿ ಯಾವತ್ತೂ ಗಾಳಿ ಇರಲಿಲ್ಲ.